ಉಳಿಯ ಹಿಂದಿನ ಕಲ್ಲು

ಸಾಣೆಯೆಂಬ ಮಾತನ್ನು ಕೇಳಿದೊಡನೆಯೇ ನಮ್ಮ ಪಟ್ಟಣವಾಸಿಗಳ ಕಣ್ಣಿಗೆ ಕಟ್ಟುವುದು ಬೀದಿಯಲ್ಲಿ ಕೂಗುತ್ತ ಬರುವ ಸಾಣೆಯವನು, ಅವನ ತಿರುಗುವ ಚಕ್ರ, ಚಕ್ರದಿಂದ ಸಿಡಿಯುವ ಕಿಡಿ. ಅಡುಗೆಮನೆಯ ಚಾಕುವಿಗೂ ದರ್ಜಿಯ ಕತ್ತರಿಗೂ ಆ ಚಕ್ರವು ಸಾಕು. ಆದರೆ ಕೆಲಸ ಬಲ್ಲ ಬಡಗಿಯು ತನ್ನ ಒಳ್ಳೆಯ ಉಳಿಯನ್ನು ಅದಕ್ಕೆ ಒಪ್ಪಿಸಲು ಹಿಂಜರಿಯುತ್ತಾನೆ. ಒಣಗಿದ ಚಕ್ರಕ್ಕೆ ಒತ್ತಿದ ಉಕ್ಕಿನ ಅಂಚು ಕಾಯುತ್ತದೆ. ನೀಲಿಗಟ್ಟುವಷ್ಟು ಕಾದರೆ ಕಮ್ಮಾರನು ಕೊಟ್ಟ ಹದವು ಹೋಗಿ ಅಂಚು ಮೆತ್ತಗಾಗುತ್ತದೆ. ಬಡಗಿಗೆ ಬೇಕಾದದ್ದು ಚಪ್ಪಟೆಯಾದ ಒಂದು ಕಲ್ಲು, ಒಂದು ಬೋಗುಣಿ ನೀರು, ಅವಸರವಿಲ್ಲದ ಎರಡು ಕೈ.

ಈ ಕಲ್ಲಿಗೂ ಒಂದು ಚರಿತ್ರೆಯುಂಟೆಂಬುದನ್ನು ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ಪ್ರಾಚೀನ ದೇವಾಲಯವೊಂದನ್ನು ವರ್ಣಿಸುವ ಚರಿತ್ರಕಾರನು ಅದನ್ನು ಕಟ್ಟಿಸಿದ ದೊರೆಯನ್ನು ಹೇಳುತ್ತಾನೆ. ಶಾಸನವಿದ್ದರೆ ಶಿಲ್ಪಿಯನ್ನು ಹೇಳುತ್ತಾನೆ. ಮರವು ಯಾವ ಬೆಟ್ಟದಿಂದ ಬಂದಿತೆಂಬುದನ್ನೂ ಕೆಲವೊಮ್ಮೆ ಹೇಳುತ್ತಾನೆ. ಉಪಕರಣಗಳ ಸುದ್ದಿ ಅಪೂರ್ವ. ಆ ಉಪಕರಣಗಳಿಗೆ ಹರಿತವನ್ನು ಕೊಟ್ಟ ಕಲ್ಲಿನ ಸುದ್ದಿಯಂತೂ ಇಲ್ಲವೇ ಇಲ್ಲ. ಇದು ಸಣ್ಣ ಲೋಪವಲ್ಲವೆಂದು ನಮ್ಮ ಅಭಿಪ್ರಾಯ. ಕೈಗೆ ಸಿಕ್ಕುವ ಕಲ್ಲು ಎಂಥದೋ ಅಂಚಿನ ಹರಿತವು ಅಂಥದು. ಅಂಚಿನ ಹರಿತವು ಎಂಥದೋ ಮರದ ಕೆಲಸವು ಅಂಥದು. ಈ ಸಂಬಂಧವು ಅತ್ಯಂತ ಸ್ಪಷ್ಟವಾಗಿ ಕಾಣುವ ದೇಶ ಜಪಾನ್. ಆದುದರಿಂದ ಅಲ್ಲಿಯ ನೀರುಸಾಣೆಯ ಕಥೆಯನ್ನೇ ಈ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇವೆ.

ಮಸೆಯುವ ಕಲ್ಲಿಗೆ ಎಣ್ಣೆಯೋ ನೀರೋ ಎಂಬ ವ್ಯಾಜ್ಯವು ಬಹಳ ಹಳೆಯದು. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿಯು ತನ್ನ ಪ್ರಕೃತಿ ಚರಿತ್ರೆಯ 36ನೆಯ ಸಂಪುಟದಲ್ಲಿ ಸಾಣೆಕಲ್ಲುಗಳನ್ನು ಈ ಭೇದದ ಮೇಲೆಯೇ ವಿಂಗಡಿಸಿದ್ದಾನೆ. ಕ್ರೀಟ್ ದ್ವೀಪದ ಕಲ್ಲಿಗೆ ಎಣ್ಣೆ ಬೇಕು. ನಕ್ಸೋಸ್ ದ್ವೀಪದ್ದು ನೀರಿನ ಕಲ್ಲು. ಸಿಲಿಷಿಯದ ಕಲ್ಲು ಎರಡಕ್ಕೂ ಒಗ್ಗುತ್ತದೆ. ಕ್ಷೌರಿಕರು ಕಲ್ಲಿಗೆ ಉಗುಳನ್ನೇ ಹಚ್ಚಿಕೊಳ್ಳುತ್ತಿದ್ದರೆಂಬುದನ್ನೂ ಆ ಮಹಾಶಯನು ಬರೆದಿಡಲು ಮರೆತಿಲ್ಲ. ಮುಂದೆ ಪಶ್ಚಿಮ ದೇಶಗಳ ಬಡಗಿಗಳು ಹೆಚ್ಚಾಗಿ ಎಣ್ಣೆಯ ಪಕ್ಷವನ್ನು ಹಿಡಿದರು. ತುರ್ಕಿಯ ಕಲ್ಲು, ಅನಂತರ ಅಮೆರಿಕದ ಅರ್ಕನ್ಸಾ ಸೀಮೆಯ ಕಲ್ಲು ಅವರಲ್ಲಿ ಪ್ರಸಿದ್ಧವಾದವು. ಬೆಲ್ಜಿಯಂ ದೇಶದ ಹಳದಿ ಕಲ್ಲಿನಂತೆ ನೀರಿಗೇ ಒಗ್ಗಿದವು ಯೂರೋಪಿನಲ್ಲಿಯೂ ಇದ್ದುವು. ಆದರೆ ನೀರಿನ ಕಲ್ಲನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಜಪಾನೀಯರು.

ನೀರುಸಾಣೆಯ ಗುಟ್ಟು ಅದರ ಗಟ್ಟಿತನದಲ್ಲಿಲ್ಲ, ಮೆದುತನದಲ್ಲಿದೆ. ಕಲ್ಲಿನಲ್ಲಿರುವ ಸೂಕ್ಷ್ಮ ಕಣಗಳೇನೋ ಉಕ್ಕನ್ನು ಕೆರೆಯುವಷ್ಟು ಗಟ್ಟಿಯಾದುವೇ. ಆದರೆ ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಬಂಧವು ಸಡಿಲ. ಉಕ್ಕನ್ನು ಉಜ್ಜಿದಂತೆಲ್ಲ ಮೊನೆ ಮೊಂಡಾದ ಕಣಗಳು ಕಳಚಿಬಿದ್ದು ಅವುಗಳ ಕೆಳಗಿನ ಹೊಸ ಕಣಗಳು ಮುಖವೆತ್ತುತ್ತವೆ. ನೀರು ಅಂಚನ್ನು ತಣ್ಣಗಿಡುತ್ತದೆ. ಉಕ್ಕಿನ ಪುಡಿಯು ಕಲ್ಲಿನ ರಂಧ್ರಗಳಲ್ಲಿ ಕಟ್ಟಿಕೊಳ್ಳದಂತೆ ಎತ್ತಿ ಒಯ್ಯುತ್ತದೆ. ಕಳಚಿದ ಕಣ, ಉಕ್ಕಿನ ಪುಡಿ, ನೀರು ಇವು ಮೂರೂ ಕಲೆತು ಕಲ್ಲಿನ ಮೇಲೆ ಬೂದುಬಣ್ಣದ ಒಂದು ಕೆಸರು ನಿಲ್ಲುತ್ತದೆ. ಹೊಸಬನು ಇದನ್ನು ಕೊಳೆಯೆಂದು ತಿಳಿದು ತೊಳೆದುಬಿಡುತ್ತಾನೆ. ಬಲ್ಲವನು ಅದನ್ನು ಕಾಪಾಡಿಕೊಳ್ಳುತ್ತಾನೆ. ನಯವಾದ ಕೆಲಸವನ್ನು ಮಾಡುವುದು ಆ ಕೆಸರೇ. ಗಟ್ಟಿಯಾದ ಕಲ್ಲಿನಲ್ಲಿ ಅದು ತಾನಾಗಿ ಏಳದಿದ್ದರೆ ನಗುರ ಎಂಬ ಮತ್ತೊಂದು ಚಿಕ್ಕ ಕಲ್ಲಿನಿಂದ ಉಜ್ಜಿ ಎಬ್ಬಿಸುತ್ತಾರೆ.

ಸಾಣೆಗೆ ತಾಗಿ ಕೃಶವಾದ ರತ್ನವನ್ನು ಭರ್ತೃಹರಿಯು ಕ್ಷಯದಲ್ಲಿಯೂ ಶೋಭಿಸುವ ವಸ್ತುಗಳ ಸಾಲಿನಲ್ಲಿ ಎಣಿಸಿದ್ದಾನೆ. ಆತನು ರತ್ನವನ್ನು ನೋಡಿದನೇ ಹೊರತು ಸಾಣೆಯನ್ನು ನೋಡಲಿಲ್ಲ. ನೀರುಸಾಣೆಯಲ್ಲಿ ಕೃಶವಾಗುವುದು ಕಲ್ಲೂ ಹೌದು. ಉಳಿಯು ಓಡಾಡುವ ನಡುಭಾಗವು ಬೇಗ ಸವೆದು ತಗ್ಗಾಗುತ್ತದೆ. ತಗ್ಗಾದ ಕಲ್ಲಿನ ಮೇಲೆ ಮಸೆದ ಅಲಗಿನ ಅಂಚು ಬಾಗಿರುತ್ತದೆ. ಬಾಗಿದ ಅಂಚು ಹಲಗೆಯನ್ನು ಸಮವಾಗಿ ಹೆರೆಯಲಾರದು. ಆದಕಾರಣ ಉಳಿಯನ್ನು ಮಸೆಯುವವನು ಮೊದಲು ಕಲ್ಲನ್ನು ಮತ್ತೊಂದು ಕಲ್ಲಿನ ಮೇಲೆ ಉಜ್ಜಿ ಮಟ್ಟಮಾಡಿಕೊಳ್ಳಬೇಕು. ಎರಡೇ ಕಲ್ಲುಗಳನ್ನು ಸದಾ ಉಜ್ಜಿದರೆ ಒಂದು ತಗ್ಗಾಗಿ ಇನ್ನೊಂದು ಉಬ್ಬಾಗಿ ಪರಸ್ಪರ ಒಪ್ಪಿಕೊಂಡುಬಿಡಬಹುದು. ಮೂರು ಕಲ್ಲುಗಳನ್ನು ಸರದಿಯಂತೆ ಒಂದಕ್ಕೊಂದು ಉಜ್ಜಿದರೆ ಮಾತ್ರ ಮೂರೂ ಮಟ್ಟವಾಗದೆ ವಿಧಿಯಿಲ್ಲ. ರೇಖಾಗಣಿತದ ಪುಸ್ತಕವನ್ನು ತೆರೆಯದವನೂ ಕೈಯಿಂದ ಕಲಿಯಬಹುದಾದ ಪ್ರಮೇಯವಿದು.

ಈಗ ಚರಿತ್ರೆಗೆ ಬರೋಣ. ನಾರಾ ಪ್ರಾಂತದ ಇಕಾರುಗ ಎಂಬಲ್ಲಿರುವ ಹೊರ್ಯೂಜಿ ವಿಹಾರವು 607ರಲ್ಲಿ ಸ್ಥಾಪಿತವಾಯಿತು. 670ರಲ್ಲಿ ಅದು ಸುಟ್ಟುಹೋಯಿತೆಂದು ಆ ದೇಶದ ಪುರಾತನ ಚರಿತ್ರೆಯು ಹೇಳುತ್ತದೆ. ಅನಂತರ ಪುನಃ ಕಟ್ಟಿದ ಮಂದಿರವೂ ಐದಂತಸ್ತಿನ ಗೋಪುರವೂ ಇಂದಿಗೂ ನಿಂತಿವೆ. ಲೋಕದಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲಿ ಅತ್ಯಂತ ಪ್ರಾಚೀನವಾದುವು ಇವೇ ಎಂದು ವಿದ್ವಾಂಸರು ಎಣಿಸುತ್ತಾರೆ. ಇವುಗಳನ್ನು ಕಟ್ಟಿದವರ ಕೈಯಲ್ಲಿ ಉದ್ದಕ್ಕೆ ಸೀಳುವ ದೊಡ್ಡ ಗರಗಸವಿರಲಿಲ್ಲ, ನಾವು ಹತ್ತರಿಯೆಂದೋ ಉಜ್ಜುಗೊರಡೆಂದೋ ಕರೆಯುವ ಉಪಕರಣವೂ ಇರಲಿಲ್ಲ. ಹಿನೋಕಿಯೆಂಬ ಸುವಾಸನೆಯ ಮರದ ದಿಮ್ಮಿಗಳನ್ನು ಬೆಣೆ ಹೊಡೆದು ಎಳೆಯುದ್ದಕ್ಕೆ ಸೀಳಿ, ಕೊಡಲಿಯಿಂದಲೂ ಬಾಚಿಯಿಂದಲೂ ಕೆತ್ತಿ, ಕೊನೆಗೆ ಯಾರಿಗನ್ನ ಎಂಬ ಉಪಕರಣದಿಂದ ನುಣುಪುಗೊಳಿಸುತ್ತಿದ್ದರು. ಯಾರಿಗನ್ನವೆಂದರೆ ಭರ್ಜಿಯ ಹತ್ತರಿಯೆಂದರ್ಥ. ಉದ್ದವಾದ ಹಿಡಿಯ ತುದಿಯಲ್ಲಿ ಎಲೆಯಂತೆ ಬಾಗಿದ, ಎರಡು ಕಡೆಯೂ ಹರಿತವಾದ ಅಲಗು. ಅದು ನಡೆದಾಡಿದ ಮರದ ಮೇಲೆ ಚಮಚದಿಂದ ತೆಗೆದಂತೆ ಆಳವಿಲ್ಲದ ಗುರುತುಗಳು ಅಲೆಅಲೆಯಾಗಿ ಉಳಿಯುತ್ತವೆ.

ಆ ಕಾಲದಲ್ಲಿಯೂ ಕಲ್ಲಿಗೆ ಬೆಲೆಯಿತ್ತು. 8ನೆಯ ಶತಮಾನದ ನಾರಾ ಪಟ್ಟಣದ ಭಂಡಾರದ ಕಾಗದಪತ್ರಗಳಲ್ಲಿ ಇಯೊ ಪ್ರಾಂತದ ಸಾಣೆಕಲ್ಲಿನ ಪ್ರಸ್ತಾಪವಿದೆ. ಆದರೂ ಬಾಗಿದ ಅಲಗು ಕಲ್ಲಿನ ಮಟ್ಟವನ್ನು ಅಷ್ಟಾಗಿ ಕೇಳುವುದಿಲ್ಲ. ಕಲ್ಲಿನ ನಿಜವಾದ ಆಳ್ವಿಕೆಯು ಆರಂಭವಾದುದು ಸುಮಾರು ಏಳು ಶತಮಾನಗಳ ಅನಂತರ.

ಅದರ ಕಾರಣವು ಕಾಡಿನಲ್ಲಿದೆ. ದೊಡ್ಡ ದೊಡ್ಡ ವಿಹಾರಗಳಿಗಾಗಿಯೂ ಅರಮನೆಗಳಿಗಾಗಿಯೂ ನೇರವಾದ ಎಳೆಯ ಮಹಾವೃಕ್ಷಗಳನ್ನು ಕಡಿದು ಕಡಿದು ಅವು ದುರ್ಲಭವಾದುವು. ಉಳಿದದ್ದು ಗಂಟುಗಂಟಾದ, ಎಳೆ ತಿರುಚಿದ ಮರ. ಬೆಣೆ ಹೊಡೆದರೆ ಅದು ಹೇಳಿದಂತೆ ಸೀಳುವುದಿಲ್ಲ. ಸುಮಾರು 15ನೆಯ ಶತಮಾನದ ಹೊತ್ತಿಗೆ ಇಬ್ಬರು ಎಳೆಯುವ ಚೌಕಟ್ಟಿನ ದೊಡ್ಡ ಗರಗಸವು ಬಳಕೆಗೆ ಬಂದಿತು. ಗರಗಸದಿಂದ ಯಾವ ಮರವನ್ನಾದರೂ ತೆಳ್ಳನೆಯ ಹಲಗೆ ಮಾಡಬಹುದು. ಆದರೆ ಗರಗಸದ ಹಲ್ಲು ಬಿಟ್ಟ ಮೈ ಒರಟು. ಅದನ್ನು ನಯಗೊಳಿಸಲು ಮರದ ದಿಂಡಿನಲ್ಲಿ ಅಗಲವಾದ ಅಲಗನ್ನು ಕೂರಿಸಿದ ಹತ್ತರಿಯು 15, 16ನೆಯ ಶತಮಾನಗಳಲ್ಲಿ ಬಂದಿತು. ಜಪಾನಿನ ಬಡಗಿಯು ಅದನ್ನು ನಮ್ಮವರಂತೆ ಮುಂದಕ್ಕೆ ತಳ್ಳುವುದಿಲ್ಲ, ತನ್ನೆಡೆಗೆ ಎಳೆದುಕೊಳ್ಳುತ್ತಾನೆ.

ಹತ್ತರಿಯ ಅಲಗಿನ ಅಂಚು ನೇರವಾಗಿರಬೇಕು, ಅದರ ಬೆನ್ನು ಮಟ್ಟವಾಗಿರಬೇಕು. ಬಾಚಿಯ ಏಟಿನಲ್ಲಿ ಒಂದಿಷ್ಟು ಮೊಂಡತನವನ್ನು ತೋಳಿನ ಬಲವು ಮರೆಸಬಹುದು; ಹತ್ತರಿಯಲ್ಲಿ ಯಾವುದನ್ನೂ ಮರೆಸಲಾಗದು. ಅಂಚಿನಲ್ಲಿ ಕೂದಲಿನಷ್ಟು ಕಚ್ಚಿದ್ದರೂ ಹಲಗೆಯುದ್ದಕ್ಕೂ ಒಂದು ಗೆರೆಯಾಗಿ ಸಾಕ್ಷಿ ನುಡಿಯುತ್ತದೆ. ಹೀಗೆ ಕಾಡಿನ ಕೊರತೆಯಿಂದ ಗರಗಸವೂ, ಗರಗಸದಿಂದ ಹತ್ತರಿಯೂ, ಹತ್ತರಿಯಿಂದ ನಯವಾದ ಕಲ್ಲಿನ ಅವಶ್ಯಕತೆಯೂ ಒಂದರ ಬೆನ್ನಿಗೊಂದು ಬಂದುವು.

ಕಮ್ಮಾರನೂ ಈ ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಲಗನ್ನು ಬಡಿದನೆನ್ನಬೇಕು. ಜಪಾನಿನ ಉಳಿಯೂ ಹತ್ತರಿಯ ಅಲಗೂ ಒಂದೇ ಲೋಹದ್ದಲ್ಲ. ಮೆತುವಾದ ಕಬ್ಬಿಣದ ದಪ್ಪ ಹಲಗೆಗೆ ಅತಿ ಗಟ್ಟಿಯಾದ ಉಕ್ಕಿನ ತೆಳು ಪದರವನ್ನು ಕಾಸಿ ಬೆಸೆದಿರುತ್ತಾರೆ. ಅಂಚಿನ ಇಳಿಜಾರನ್ನು ನೋಡಿದರೆ ಮುಕ್ಕಾಲು ಪಾಲು ಮಂಕಾದ ಕಬ್ಬಿಣ, ತುದಿಯಲ್ಲಿ ಮಾತ್ರ ಮಿನುಗುವ ಉಕ್ಕಿನ ಒಂದು ಗೆರೆ. ಅಲಗೆಲ್ಲವೂ ಗಟ್ಟಿಯುಕ್ಕೇ ಆಗಿದ್ದರೆ ಕೈಯಿಂದ ಮಸೆಯುವುದಕ್ಕೆ ದಿನಗಟ್ಟಲೆ ಬೇಕಾದೀತು. ಕಬ್ಬಿಣವು ಬೇಗ ಸವೆಯುವುದರಿಂದ ಕೆಲಸವು ಹಗುರವಾಗುತ್ತದೆ. ಇಳಿಜಾರು ಅಗಲವಾಗಿರುವುದರಿಂದ ಅದೇ ಕಲ್ಲಿನ ಮೇಲೆ ತಾನಾಗಿ ಕುಳಿತುಕೊಳ್ಳುತ್ತದೆ, ಕೋನವನ್ನು ಹಿಡಿಯಲು ಬೇರೆ ಆಧಾರ ಬೇಕಿಲ್ಲ. ಬೆನ್ನಿನ ಕಡೆ ನಡುವೆ ಸ್ವಲ್ಪ ತೋಡಿರುತ್ತಾರೆ; ಸುತ್ತಲಿನ ಅಂಚುಪಟ್ಟಿಯೊಂದೇ ಕಲ್ಲನ್ನು ಮುಟ್ಟುತ್ತದೆ. ಇಳಿಜಾರನ್ನು ಮಸೆಯುತ್ತಿದ್ದಂತೆ ಅಂಚಿನಾಚೆಗೆ ಉಕ್ಕಿನ ಒಂದು ಸೂಕ್ಷ್ಮ ಎಳೆ ಮಡಿಸಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯುತ್ತದೆ. ಅಂಚಿನ ಈ ಕೊನೆಯಿಂದ ಆ ಕೊನೆಯವರೆಗೆ ಅದು ತಿಳಿಯುವ ತನಕ ಮುಂದಿನ ಕಲ್ಲಿಗೆ ಹೋಗಬಾರದು. ಹೊಸಬರು ತಪ್ಪುವುದೆಲ್ಲ ಇಲ್ಲಿಯೇ: ಅಂಚು ಮುಗಿಯುವ ಮೊದಲೇ ಹೊಳಪಿನ ಆಸೆಗೆ ನಯದ ಕಲ್ಲಿಗೆ ಓಡುತ್ತಾರೆ. ಹೊಳೆಯುವುದೆಲ್ಲ ಹರಿತವಲ್ಲವೆಂಬುದು ಅವರಿಗೆ ಮರಕ್ಕೆ ಅಲಗನ್ನಿಟ್ಟಾಗ ತಿಳಿಯುತ್ತದೆ.

ಕಲ್ಲುಗಳಲ್ಲಿ ಒರಟು, ನಡುವಣದು, ಕೊನೆಯದು ಎಂದು ಮೂರು ತರಗತಿಗಳು. ಒಂದೊಂದಕ್ಕೂ ಒಂದೊಂದು ಊರು. ಒರಟಿಗೆ ನಾಗಸಾಕಿಯ ಕಡೆಯ ಓಮುರದ ಮರಳುಗಲ್ಲು. ನಡುವಣದಕ್ಕೆ ಅಮಾಕುಸ ದ್ವೀಪದ ಕಲ್ಲು, ಇಲ್ಲವೆ ಕ್ಯೋಟೋ ಬಳಿಯ ಕಮೆಓಕದ ನೀಲಿಗಲ್ಲು. ಕೊನೆಯ ನಯಕ್ಕೆ ಮಾತ್ರ ಕ್ಯೋಟೋ ನಗರದ ವಾಯವ್ಯದಲ್ಲಿರುವ ನರುತಕಿ, ಉಮೆಗಹತ ಮುಂತಾದ ಗುಡ್ಡಗಳ ಕಲ್ಲಿಗೆ ಸಮನಾದುದಿಲ್ಲವೆಂದು ಪ್ರತೀತಿ. ಅಲ್ಲಿ ಕಲ್ಲು ತೆಗೆಯುವ ಹಕ್ಕು 12ನೆಯ ಶತಮಾನದ ಕೊನೆಗೇ ರಾಜಮುದ್ರೆಯಿಂದ ದೊರೆಯಿತೆಂದು ಐತಿಹ್ಯ. ಕತ್ತಿಗೆ ಮೆರುಗು ಕೊಡುವವನೂ ಕ್ಷೌರಿಕನೂ ಬಡಗಿಯೂ ಆ ಗುಡ್ಡಗಳ ಮುಂದೆ ಸಮಾನ ಯಾಚಕರು.

ಆ ಕಲ್ಲು ಅಲ್ಲಿಗೆ ಹೇಗೆ ಬಂದಿತು? ಶ್ರೋತೃಗಳು ಇದನ್ನು ಉತ್ಪ್ರೇಕ್ಷೆಯೆಂದು ಭಾವಿಸಬಾರದು. ಸುಮಾರು 25 ಕೋಟಿ ವರ್ಷಗಳ ಹಿಂದೆ ಭೂಮಿಯ ಮೇಲೆ ಜೀವಕೋಟಿಗೆ ಹಿಂದೆಂದೂ ಒದಗದ ಮಹಾವಿನಾಶವೊದಗಿತು. ಸಮುದ್ರದ ಜೀವಜಾತಿಗಳಲ್ಲಿ ಬಹುಭಾಗವು ನಿರ್ನಾಮವಾಯಿತು. ಅದಕ್ಕೆ ಮುಂಚೆ ರೇಡಿಯೊಲೇರಿಯವೆಂಬ ಕಣ್ಣಿಗೆ ಕಾಣದ ಜೀವಿಗಳ ಸಿಲಿಕದ ಚಿಪ್ಪುಗಳು ಮಹಾಸಾಗರದ ತಳಕ್ಕೆ ಎಡೆಬಿಡದೆ ಸುರಿದು ಚಕಮಕಿಯಂತಹ ಗಡಸು ಕಲ್ಲಾಗುತ್ತಿದ್ದುವು. ವಿನಾಶದ ಅನಂತರ ಈ ಚಿಪ್ಪುಗಳ ಮಳೆಯು ಬಹುಕಾಲ ಕ್ಷೀಣವಾಯಿತು. ದಡದಿಂದ ಅತಿ ದೂರದ ಆ ತಳದಲ್ಲಿ ನಿಧಾನವಾಗಿ ಕೂತದ್ದು ಬಹುಮಟ್ಟಿಗೆ ನಯವಾದ ಜೇಡಿಯ ಧೂಳು, ಅದರೊಡನೆ ಒಂದಿಷ್ಟು ಸಿಲಿಕ. ಅದು ಗಡಸು ಕಲ್ಲಾಗಲಿಲ್ಲ, ಬರಿಯ ಮಣ್ಣಾಗಿಯೂ ಉಳಿಯಲಿಲ್ಲ. ಸಾಗರದ ತಳವು ಚಲಿಸುತ್ತ ಬಂದು ಏಷ್ಯಾಖಂಡದ ಅಂಚಿಗೆ ಒತ್ತಿದಾಗ ಈ ಪದರಗಳು ಮೇಲೆದ್ದು ಗುಡ್ಡಗಳೊಳಗೆ ಸೇರಿದುವು. ಭೂವಿಜ್ಞಾನಿಗಳೂ ಈ ಶಿಲೆಗೆ ಸಾಣೆಕಲ್ಲಿನ ಜಪಾನೀ ಹೆಸರಾದ ತೊಯಿಶಿ ಎಂಬುದನ್ನೇ ಸೇರಿಸಿ ಕರೆಯುತ್ತಾರೆ. ಬಡಗಿಗೆ ಒದಗಿದ ನಯವು ಒಂದು ಪ್ರಳಯದ ಮರುದಿನದ ಕೆಸರು.

ಪದರವು ಅಖಂಡವಾಗಿಯೂ ಒಂದೇ ಗುಣದ್ದಾಗಿಯೂ ಇರುವುದಿಲ್ಲ. ಗಣಿಯವರು ಅದರ ಒಂದೊಂದು ಹಾಳೆಗೂ ಹೆಸರಿಟ್ಟಿದ್ದರು: ತೊಮಾಯೆ, ಸುಇತ, ನಮಿತೊ, ಆಇಸ ಎಂದು. ಸುರಂಗದಲ್ಲಿ ಅಗೆದ ಕಲ್ಲಿನಲ್ಲಿ ಬಿರುಕುಳ್ಳದ್ದನ್ನೂ ಮರಳಿನ ಗೆರೆ ಸೇರಿದ್ದನ್ನೂ ತೆಗೆದುಹಾಕಿದ ಮೇಲೆ ಸ್ವಲ್ಪವೇ ಉಳಿಯುತ್ತಿತ್ತು; ಅಂಥ ಗೆರೆಯಲ್ಲಿ ಒಂದು ಕಣ ಸಿಕ್ಕಿದರೂ ಗಂಟೆಯ ಕೆಲಸವು ಗೀರುಬಿದ್ದು ಹಾಳು. ಕಲ್ಲು ಚೆನ್ನಾಗಿದೆಯೇ ಎಂಬುದನ್ನು ನೋಡಿ ಅರ್ಧ ಹೇಳಬಹುದು, ಉಳಿದರ್ಧ ಉಕ್ಕನ್ನೇ ಕೇಳಬೇಕು. ಒಳ್ಳೆಯ ಕಲ್ಲಾದರೆ ಕಬ್ಬಿಣವು ಮಂಜು ಕವಿದಂತೆ ಮಸುಕಾಗಿಯೂ ಉಕ್ಕು ಅದರ ಮುಂದೆ ಸ್ಫುಟವಾಗಿಯೂ ಕಾಣುತ್ತವೆ.

ಅಗೆದು ಎಸೆದ ಚೂರುಗಳ ಕಥೆಯೂ ಒಂದುಂಟು. ಹಿಂದೆ ಹೇಳಿದ ಇಯೊ ಪ್ರಾಂತದ ತೊಬೆ ಎಂಬ ಊರಿನಲ್ಲಿ ಸಾಣೆಕಲ್ಲಿನ ಗಣಿಗಳ ಚೂರುಗಳು ರಾಶಿರಾಶಿಯಾಗಿ ಬೀಳುತ್ತಿದ್ದುವು. ಅವನ್ನು ಸಾಗಿಸುವ ಬಿಟ್ಟಿಯ ದುಡಿಮೆ ಹಳ್ಳಿಗರ ತಲೆಯ ಮೇಲೆ. ಅಮಾಕುಸದ ಕಲ್ಲಿನಿಂದ ಪಿಂಗಾಣಿ ಮಾಡುತ್ತಾರಲ್ಲ, ಇದರಿಂದೇಕಾಗಬಾರದೆಂದು ಒಸಾಕದ ಸಾಣೆಕಲ್ಲಿನ ವರ್ತಕನೊಬ್ಬನು ಸೂಚಿಸಿದನು. ಓಜು ಸಂಸ್ಥಾನದ ಪ್ರಭುವು ಪ್ರಯೋಗಕ್ಕೆ ಅಪ್ಪಣೆ ಕೊಟ್ಟನು. ಸುಗಿನೊ ಜೋಸುಕೆ ಎಂಬಾತನು ಅನೇಕ ಸೋಲುಗಳನ್ನು ಕಂಡು 1777ರಲ್ಲಿ ಜಯಶಾಲಿಯಾದನು. ತೊಬೆಯ ಬಿಳಿಯ ಪಿಂಗಾಣಿ ಇಂದಿಗೂ ಹೆಸರಾಗಿದೆ. ಅದರ ತಟ್ಟೆಯಲ್ಲಿ ಊಟಮಾಡುವವರಲ್ಲಿ ಅದರ ಪೂರ್ವಾಶ್ರಮವನ್ನು ಬಲ್ಲವರು ಎಷ್ಟು ಮಂದಿಯೋ!

1876ರಲ್ಲಿ ಜಪಾನಿನ ಸರ್ಕಾರವು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಅನ್ನ ಕಳೆದುಕೊಂಡ ಕತ್ತಿಯ ಕಮ್ಮಾರರಲ್ಲಿ ಅನೇಕರು ಉಳಿ, ಹತ್ತರಿಗಳ ಕಡೆಗೆ ತಿರುಗಿದರು. ಕತ್ತಿಯ ಕಮ್ಮಾರರ ಮನೆತನದಲ್ಲಿ 1874ರಲ್ಲಿ ಹುಟ್ಟಿದ ಚಿಯೊಜುರು ಕೊರೆಹಿದೆಯು ಹತ್ತರಿಯ ಅಲಗುಗಳಿಗಾಗಿಯೇ ಕೀರ್ತಿವಂತನಾದನು. ಬಡಗಿಗೆ ಇಷ್ಟು ಉತ್ತಮವಾದ ಉಕ್ಕು ಹಿಂದೆ ಸಿಕ್ಕಿರಲಾರದು. ಅದಕ್ಕೆ ತಕ್ಕ ಕಲ್ಲೂ ಇನ್ನೂ ಸಿಕ್ಕುತ್ತಿತ್ತು.

ಅಷ್ಟರಲ್ಲಿ ಕಲ್ಲಿಗೆ ಪ್ರತಿಸ್ಪರ್ಧಿಯು ಹುಟ್ಟಿದನು. ಇಲ್ಲಿ ನಮ್ಮ ನಾಡಿನ ಒಂದು ಮಾತು ಕಥೆಯೊಳಗೆ ಸೇರುತ್ತದೆ. ನಮ್ಮ ಸಾಣೆಗಾರರು ಪೂರ್ವಕಾಲದಿಂದ ಕುರುಂದದ ಕಲ್ಲನ್ನು ಪುಡಿಮಾಡಿ ಅರಗಿನಲ್ಲಿ ಕಲಸಿ ಚಕ್ರ ಮಾಡಿಕೊಳ್ಳುತ್ತಿದ್ದರು; ಹಳೆಯ ಮೈಸೂರು ಸೀಮೆಯಲ್ಲಿ ಈ ಕಲ್ಲು ಹಲವೆಡೆ ಸಿಕ್ಕುತ್ತಿತ್ತು. ತಮಿಳಿನ ಕುರುಂದಮೆಂಬ ಮಾತನ್ನೇ ಯೂರೋಪಿನವರು ಕೋರಂಡಮ್ ಎಂದು ಮಾಡಿಕೊಂಡರು. 1891ರಲ್ಲಿ ಅಮೆರಿಕದ ಆಚೆಸನ್ ಎಂಬಾತನು ಜೇಡಿಮಣ್ಣನ್ನೂ ಕಲ್ಲಿದ್ದಲ ಕೋಕನ್ನೂ ವಿದ್ಯುತ್ತಿನಿಂದ ಕಾಸಿದಾಗ ಅತಿ ಗಟ್ಟಿಯಾದ ಹರಳುಗಳು ದೊರೆತುವು. ಅವು ಇಂಗಾಲವೂ ಕುರುಂದವೂ ಕೂಡಿದ ವಸ್ತುವೆಂದು ಊಹಿಸಿ ಆತನು ಕಾರ್ಬೊರಂಡಮ್ ಎಂದು ಹೆಸರಿಟ್ಟನು. ಊಹೆಯು ತಪ್ಪು, ಅದು ಸಿಲಿಕಾನಿನ ಸಂಯುಕ್ತ. ಹೆಸರು ಮಾತ್ರ ನಿಂತಿತು. ಮುಂದೆ ಕೃತಕ ಕುರುಂದವನ್ನೂ ಮಾಡಿದರು. 20ನೆಯ ಶತಮಾನದಲ್ಲಿ ಜಪಾನೀಯರು ಈ ಪುಡಿಗಳನ್ನು ಜರಡಿ ಹಿಡಿದಂತೆ ವಿಂಗಡಿಸಿ, ನೀರಿಗೆ ಒಗ್ಗುವ ಮೆದು ಬಂಧದಲ್ಲಿ ಕೂಡಿಸಿ, ಕೃತಕ ನೀರುಸಾಣೆಗಳನ್ನು ತಯಾರಿಸಿದರು. ಒಂದೊಂದರ ಮೇಲೂ ಅಂಕಿ. 1000 ಎಂದಿದ್ದರೆ ಕಣವು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 12 ಭಾಗ. 8000 ಎಂದಿದ್ದರೆ ಒಂದಕ್ಕಿಂತ ಸ್ವಲ್ಪ ಹೆಚ್ಚು.

ಈ ಕೃತಕ ಕಲ್ಲನ್ನು ಹಳಿಯುವುದು ಕೆಲವರಿಗೆ ರಸಿಕತೆಯ ಲಕ್ಷಣವಾಗಿದೆ. ನಾವು ಅವರೊಡನೆ ಸೇರಲಾರೆವು. ಅದರಲ್ಲಿ ಮರಳಿನ ಗೆರೆಯಿಲ್ಲ, ಬಿರುಕಿಲ್ಲ. ಇಂದು ಕೊಂಡದ್ದೂ ಹತ್ತು ವರ್ಷಗಳ ಮೇಲೆ ಕೊಂಡದ್ದೂ ಒಂದೇ ಗುಣ. ಕ್ಯೋಟೋ ಕಲ್ಲಿಗೆ ಬಡ ಶಿಷ್ಯನು ತೆರಬೇಕಾಗಿದ್ದ ಬೆಲೆಯನ್ನು ನೆನೆದರೆ ಅಂಕಿಯ ಕಲ್ಲು ಅವನಿಗೆ ಉಪಕಾರವನ್ನೇ ಮಾಡಿತು. ಕೊನೆಯ ನಯಕ್ಕೆ ಮಾತ್ರ ಗುಡ್ಡದ ಕಲ್ಲೇ ಬೇಕೆನ್ನುವ ಹಿರಿಯ ಬಡಗಿಗಳ ಮಾತನ್ನು ನಾವು ಅಲ್ಲಗಳೆಯಲಾರೆವು. ಆ ಅಂಚು ಹೆಚ್ಚು ಕಾಲ ಬಾಳುತ್ತದೆಂದು ಅವರ ಅನುಭವ. ಆದರೆ ಕಲ್ಲಿನ ಗಣಿಯನ್ನು ಮುಚ್ಚಿಸಿದ್ದು ಕೃತಕ ಕಲ್ಲೊಂದೇ ಅಲ್ಲ. ವಿದ್ಯುತ್ತಿನ ಹತ್ತರಿ ಬಂದಿತು. ಬಿಸುಟುಬಿಡುವ ಕ್ಷೌರದ ಅಲಗು ಬಂದಿತು. ಸುರಂಗದಲ್ಲಿ ದುಡಿಯುವವರು ಕಡಿಮೆಯಾದರು. ಒಳ್ಳೆಯ ಪದರವೂ ತೀರುತ್ತ ಬಂದಿತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಯೋಟೋ ಗುಡ್ಡಗಳ ಗಣಿಗಳಲ್ಲಿ ಬಹುಪಾಲು ಮುಚ್ಚಿಹೋದುವು. ಹೋದದ್ದು ಕಲ್ಲು ಮಾತ್ರವಲ್ಲ. ಯಾವ ಹಾಳೆ ಯಾವ ಉಕ್ಕಿಗೆ ಒಲಿಯುತ್ತದೆಂದು ಅಗೆಯುವಾಗಲೇ ಹೇಳಬಲ್ಲವರೂ ಹೋದರು. ಆ ಅರಿವಿಗೆ ಅಂಕಿಯಿಲ್ಲ.

ಇದರ ನಡುವೆಯೇ ಹೊರ್ಯೂಜಿಯ ಮಹಾ ಜೀರ್ಣೋದ್ಧಾರವು 1934ರಲ್ಲಿ ಆರಂಭವಾಯಿತು. ಅದರಲ್ಲಿ ದುಡಿದವನು 1908ರಲ್ಲಿ ಅದೇ ಊರಿನ ವಿಹಾರದ ಬಡಗಿಗಳ ಮನೆತನದಲ್ಲಿ ಹುಟ್ಟಿದ ನಿಶಿಯೋಕ ತ್ಸುನೆಕಾಜು. ಹಳೆಯ ಕಂಬಗಳ ಮೇಲಿನ ಚಮಚದ ಗುರುತುಗಳನ್ನು ಓದಿ, ಶತಮಾನಗಳಿಂದ ಮರೆತುಹೋಗಿದ್ದ ಯಾರಿಗನ್ನವನ್ನು ಆತನು ಮತ್ತೆ ಕೈಗೆ ತಂದನು. ಯಾಕುಶಿಜಿ ವಿಹಾರದ ಮುಖ್ಯ ಮಂದಿರವನ್ನು 1976ರಲ್ಲಿಯೂ ಪಶ್ಚಿಮ ಗೋಪುರವನ್ನು 1981ರಲ್ಲಿಯೂ ಆತನ ಮೇಲ್ವಿಚಾರಣೆಯಲ್ಲಿ ಪುನಃ ಕಟ್ಟಿ ಮುಗಿಸಿದರು. ಹರಿತವಾದ ಅಲಗಿನಿಂದ ಕಡಿದ ಮರದ ಮೈಯಲ್ಲಿ ಎಳೆಗಳು ಹರಿಯದೆ ಮುಚ್ಚಿಕೊಂಡಿರುವುದರಿಂದ ಮಳೆನೀರು ಅದರ ಮೇಲೆ ನಿಲ್ಲದೆ ಜಾರುತ್ತದೆ. ಒರಟಾಗಿ ಕಿತ್ತ ಮೈ ನೀರನ್ನು ಹೀರಿಕೊಳ್ಳುತ್ತದೆ. ಸಾವಿರ ವರ್ಷ ನಿಲ್ಲಬೇಕಾದ ಕಟ್ಟಡದ ಬಡಗಿಗೆ ಹರಿತವೆಂಬುದು ಅಂದದ ಮಾತಲ್ಲ, ಆಯುಷ್ಯದ ಮಾತು.

1969ರಲ್ಲಿ ಒಗಾವ ಮಿತ್ಸುಓ ಎಂಬ ತರುಣನು ಆತನ ಶಿಷ್ಯನಾಗಿ ಸೇರಿದನು. ಮೊದಲನೆಯ ವರ್ಷಕ್ಕೆ ಗುರುವು ವಿಧಿಸಿದ ನಿಯಮವು ಈ ಉಪನ್ಯಾಸ ಮಾಲೆಗೆ ಅಷ್ಟು ಹಿತಕರವಲ್ಲದಿದ್ದರೂ ಹೇಳಲೇಬೇಕು: ವೃತ್ತಪತ್ರಿಕೆ ಬೇಡ, ಟೆಲಿವಿಷನ್ ಬೇಡ, ರೇಡಿಯೋ ಸಹ ಬೇಡ, ಉಪಕರಣಗಳನ್ನು ಮಸೆಯುವುದೊಂದೇ ಕೆಲಸ. ಹೇಗೆ ಮಸೆಯಬೇಕೆಂಬುದನ್ನು ಬಾಯಿಬಿಟ್ಟು ಹೇಳಿಕೊಡಲಿಲ್ಲ. ಒಂದು ದಿನ ತಾನೇ ಹತ್ತರಿಯನ್ನೆಳೆದು, ಉಸಿರು ತಾಗಿದರೆ ಹಾರುವಂತಹ ತೆಳ್ಳನೆಯ ಒಂದು ಸುರುಳಿಯನ್ನು ತೆಗೆದು, ಇಂತಹುದು ಬರಬೇಕೆಂದು ತೋರಿಸಿದನು, ಅಷ್ಟೆ. ತರುಣನು ಅದನ್ನು ಕಿಟಕಿಯ ಗಾಜಿಗೆ ಅಂಟಿಸಿಕೊಂಡು, ಅದನ್ನೇ ನೋಡುತ್ತ ರಾತ್ರಿಗಳನ್ನು ಕಲ್ಲಿನ ಮುಂದೆ ಕಳೆದನು. 1977ರಲ್ಲಿ ಒಗಾವನು ಇಕಾರುಗದ ಹೆಸರಿನಲ್ಲಿಯೇ ವಿಹಾರದ ಬಡಗಿಗಳ ಒಂದು ಸಂಸ್ಥೆಯನ್ನು ಸ್ಥಾಪಿಸಿದನು. ಅಲ್ಲಿಗೆ ಸೇರುವ ಹುಡುಗರಿಗೆ ಮೊದಲು ಅಡುಗೆ, ಕಸಗುಡಿಸುವುದು. ರಾತ್ರಿ ಊಟವಾದ ಮೇಲೆ ಸಾಲಾಗಿ ಕುಳಿತು, ಕಲ್ಲಿಗೆ ನೀರು ಚಿಮುಕಿಸಿ, ಉಳಿಯ ಬೆನ್ನನ್ನು ಮಟ್ಟಮಾಡುವುದು.